ವರ್ಷಕ್ಕೆ ನಾಲ್ಕೇ ದಿನ ಬೇಕಾಗುವ ಜನರೇಟರ್: ಉಳಿದ ದಿನ ಅದನ್ನು ನೋಡಿಕೊಳ್ಳುವುದು ಹೇಗೆ?

ಆಯುಧಪೂಜೆ ದಿನ ನಮ್ಮ ಮನೆ ಜನರೇಟರಿಗೆ ಅರಿಶಿನ ಕುಂಕುಮ, ಸೇವಂತಿಗೆ ಹೂವು, ಒಂದು ನಿಂಬೆಹಣ್ಣು ಎಲ್ಲ ಸಿಗುತ್ತಿತ್ತು. ಸಿಗದೇ ಇದ್ದದ್ದು ಆಯಿಲ್ ಒಂದೇ.

ಹಾಗೆ ಆರೈಕೆಯಿಲ್ಲದೆ ಬಿಟ್ಟದ್ದರ ಫಲ ಒಂದು ಪುನರ್ವಸು ಮಳೆಯಲ್ಲಿ ಗೊತ್ತಾಯಿತು. ನಮ್ಮದು ಮಲೆನಾಡಿನ ಒಂಟಿ ಮನೆ. ಗಾಳಿ ಎದ್ದರೆ ಲೈನ್ ಮೇಲೆ ಮರ ಬೀಳುತ್ತದೆ, ಮರ ಬಿದ್ದರೆ ಮೂರು ನಾಲ್ಕು ದಿನ ಕರೆಂಟ್ ಇರುವುದಿಲ್ಲ. ಅಂಥ ಎರಡನೇ ದಿನ ಜನರೇಟರ್ ಹೊರಗೆ ತಂದು ಹಗ್ಗ ಎಳೆದೆ. ನಾನು ಎಳೆದೆ, ಪಕ್ಕದ ಮನೆ ಹುಡುಗ ಎಳೆದ, ತೋಟದ ಕೆಲಸಕ್ಕೆ ಬಂದವರೂ ಎಳೆದರು. ರಟ್ಟೆ ನೋವು ಬಂತೇ ಹೊರತು ಮೆಷಿನ್ ಕೆಮ್ಮಲೂ ಇಲ್ಲ. ಪೇಟೆಗೆ ಒಯ್ದಾಗ ಮೆಕ್ಯಾನಿಕ್, ಪೆಟ್ರೋಲನ್ನು ಗಾಳಿ ಜೊತೆ ಬೆರೆಸಿ ಎಂಜಿನ್ನಿಗೆ ಕೊಡುವ ಕಾರ್ಬೋರೇಟರಿನ ಬಟ್ಟಲು ಬಿಚ್ಚಿ ನನ್ನ ಮೂಗಿನ ಹತ್ತಿರ ಹಿಡಿದರು. ಹಳೇ ವಾರ್ನಿಶ್ ಡಬ್ಬಿಯ ವಾಸನೆ. ತಳದಲ್ಲಿ ಜೋನಿಬೆಲ್ಲದ ಬಣ್ಣದ ಅಂಟು. "ಮೆಷಿನ್ ಹಾಳಾಗಿಲ್ಲ ಮಾರಾಯ್ರೆ, ಪೆಟ್ರೋಲ್ ಹಾಳಾಗಿದೆ" ಅಂದರು.

ಈ ಬರಹದ ಅರ್ಧ ಅವರ ಆ ಒಂದು ಮಾತೇ. ಅಪರೂಪಕ್ಕೆ ಓಡುವ ಜನರೇಟರ್ ಸವೆದು ಕೆಡುವುದಿಲ್ಲ, ನಿಂತು ಕೆಡುತ್ತದೆ. ನಾನು ಹೇಳುತ್ತಿರುವುದು ಮನೆಯಲ್ಲಿ ಬಳಸುವ, ಇಬ್ಬರು ಎತ್ತಬಹುದಾದ, ಒಂದರಿಂದ ಮೂರು ಕೆವಿಎ (ಜನರೇಟರಿನ ಸಾಮರ್ಥ್ಯದ ಅಳತೆ) ತನಕದ ಪೆಟ್ರೋಲ್ ಜನರೇಟರಿನ ವಿಷಯ.

ನಿಂತ ಪೆಟ್ರೋಲಿಗೆ ಏನಾಗುತ್ತದೆ

ಪೆಟ್ರೋಲಿನಲ್ಲಿ ಬೇಗ ಆವಿಯಾಗುವ ಹಗುರ ಅಂಶಗಳಿವೆ. ತಣ್ಣಗಿರುವ ಎಂಜಿನ್ ಹೊತ್ತಿಕೊಳ್ಳುವುದು ಅವುಗಳಿಂದಲೇ. ನಿಂತಲ್ಲೇ ನಿಂತರೆ ಅವು ಹಾರಿಹೋಗುತ್ತವೆ. ಉಳಿದದ್ದು ಗಾಳಿ ತಾಗಿ ನಿಧಾನಕ್ಕೆ ಅಂಟಾಗುತ್ತದೆ. ಒಂದು ತಿಂಗಳು ಚಿಂತೆ ಇಲ್ಲ, ಮೂರು ತಿಂಗಳಾದರೆ ನಂಬಬೇಡಿ. ಟ್ಯಾಂಕಿನಲ್ಲಿ ಮೂರು ನಾಲ್ಕು ಲೀಟರ್ ಇರುವುದರಿಂದ ಅಲ್ಲಿ ಕೆಡುವುದು ನಿಧಾನ. ಕಾರ್ಬೋರೇಟರಿನ ಬಟ್ಟಲಲ್ಲಿ ಇರುವುದು ಕೆಲವೇ ಚಮಚ, ಅದು ಬೇಗ ಕೆಡುತ್ತದೆ. ಪೆಟ್ರೋಲ್ ಹಾದುಹೋಗುವ ಜೆಟ್ಟಿನ ತೂತು ಒಂದು ಮಿಲಿಮೀಟರಿಗಿಂತ ಸಣ್ಣದು. ಅದು ಕಟ್ಟಿಕೊಳ್ಳಲು ಚೂರು ಅಂಟು ಸಾಕು.

ಈಗ ಇನ್ನೊಂದು ತಲೆನೋವು ಸೇರಿದೆ. ಶೇಕಡ 20 ಎಥನಾಲ್ ಇರುವ ಇ20 ಪೆಟ್ರೋಲಿಗೆ 2023ರ ಫೆಬ್ರುವರಿಯಲ್ಲಿ ಬೆಂಗಳೂರಿನಲ್ಲೇ ಚಾಲನೆ ಸಿಕ್ಕಿತು. ಈಗ ಬಂಕಿನಲ್ಲಿ ಸಾಮಾನ್ಯವಾಗಿ ಸಿಗುವುದು ಅದೇ. ಎಥನಾಲ್ ಗಾಳಿಯ ತೇವ ಹೀರುತ್ತದೆ. ನೀರು ಜಾಸ್ತಿಯಾದಾಗ ಎಥನಾಲೂ ನೀರೂ ಒಟ್ಟಿಗೆ ಬೇರ್ಪಟ್ಟು ತಳಕ್ಕೆ ಇಳಿಯುತ್ತವೆ. ಎಂಜಿನ್ ಪೆಟ್ರೋಲ್ ಎಳೆಯುವುದೂ ತಳದಿಂದಲೇ ಅಲ್ವಾ? ದಿನಾ ಓಡುವ ಸ್ಕೂಟರಿನಲ್ಲಿ ಅಷ್ಟು ದಿನ ಪೆಟ್ರೋಲ್ ನಿಲ್ಲುವುದೇ ಇಲ್ಲ. ಬಟ್ಟೆ ಮೇಲೂ ಬೂಸಲು ಹಿಡಿಯುವ ಮಳೆಗಾಲದಲ್ಲಿ ಮೂಲೆಗೆ ಕೂತ ಜನರೇಟರಿನ ಕಥೆ ಬೇರೆ. ಜೊತೆಗೆ ಹಳೇ ಮೆಷಿನ್ನಿನ ರಬ್ಬರ್ ಪೈಪು ಎಥನಾಲಿಗೆ ಉಬ್ಬಿ ಮೆತ್ತಗಾಗುತ್ತದೆ. ವರ್ಷಕ್ಕೊಮ್ಮೆ ಪೈಪನ್ನು ಬೆರಳಲ್ಲಿ ಬಗ್ಗಿಸಿ ನೋಡಿ. ಬಿರುಕು ಕಂಡರೆ ಅಥವಾ ಅಂಟಂಟಾದರೆ ಬದಲಿಸಿ. ಅದಕ್ಕೆ ದೊಡ್ಡ ಖರ್ಚೇನೂ ಇಲ್ಲ.

ಎಲ್ಲಿ ಇಡಬೇಕು

ಕೊಟ್ಟಿಗೆಯಲ್ಲಿ ಬೇಡ. ಗಂಜಲದಿಂದ ಏಳುವ ಅಮೋನಿಯಾ ತಾಮ್ರ, ಹಿತ್ತಾಳೆ ಎರಡನ್ನೂ ತಿನ್ನುತ್ತದೆ. ಜನರೇಟರಿನ ಸುರುಳಿ ತಾಮ್ರದ್ದು, ಜೆಟ್ಟು ಹಿತ್ತಾಳೆಯದ್ದು. ಗೊಬ್ಬರದ ಚೀಲದ ಪಕ್ಕ ಬೇಡ. ಅಡಿಕೆಗೆ ಹೊಡೆಯುವ ಬೋರ್ಡೋ ದ್ರಾವಣಕ್ಕೆ ತಂದ ಮೈಲುತುತ್ತದ ಪಕ್ಕವಂತೂ ಬೇಡವೇ ಬೇಡ, ಅದು ಕಬ್ಬಿಣವನ್ನು ಬಿಡುವುದಿಲ್ಲ. ಅಡುಗೆಮನೆ, ಬಚ್ಚಲ ಒಲೆಯ ಹತ್ತಿರ ಪೆಟ್ರೋಲ್ ಇರುವ ಮೆಷಿನ್ ಇಡಬಾರದು ಅನ್ನುವುದನ್ನು ಹೇಳಬೇಕಾಗಿಲ್ಲ.

ನೆಲಕ್ಕೆ ಹಲಗೆ ಹಾಕಿ ಅದರ ಮೇಲಿಡಿ. ಪ್ಲಾಸ್ಟಿಕ್ ಹೊದಿಸಿ ಹಗ್ಗ ಬಿಗಿದರೆ ಒಳಗೆ ಬೆವರಿ ತುಕ್ಕು ಹಿಡಿಯುತ್ತದೆ. ಹಳೇ ಹತ್ತಿ ಬೆಡ್‌ಶೀಟು ಅಥವಾ ಪಂಚೆ ಒಳ್ಳೆಯದು, ಧೂಳು ತಡೆಯುತ್ತದೆ, ಗಾಳಿ ಆಡುತ್ತದೆ. ಸೈಲೆನ್ಸರಿನ ಬಾಯಿಗೆ ಸೊಳ್ಳೆಪರದೆಯ ತುಂಡು ಕಟ್ಟಿ. ನಮ್ಮದರಲ್ಲಿ ಒಂದು ವರ್ಷ ಕಣಜ ಮಣ್ಣಿನ ಗೂಡು ಕಟ್ಟಿ ಬಾಯಿಯನ್ನು ಪೂರ್ತಿ ಮುಚ್ಚಿತ್ತು. ಸ್ಟಾರ್ಟ್ ಮಾಡುವ ಮೊದಲು ಆ ಪರದೆ ಬಿಚ್ಚುವುದನ್ನು ಮರೆಯಬೇಡಿ. ನಾನು ಮರೆಯಬಾರದು ಅಂತ ಕೆಂಪು ಬಟ್ಟೆ ಕಟ್ಟುತ್ತೇನೆ. ಇಲಿ ಇರುವ ಮನೆಯಾದರೆ ತಂಪುಗಾಳಿ ಹೋಗುವ ಜಾಲರಿಯ ಒಳಗೂ ಟಾರ್ಚ್ ಬಿಟ್ಟು ನೋಡಿ. ಹತ್ತಿ, ಅಡಿಕೆ ಸಿಪ್ಪೆ ಎಲ್ಲ ಅಲ್ಲಿ ಸೇರಿಕೊಂಡಿರುತ್ತದೆ.

ತಿಂಗಳಿಗೊಮ್ಮೆ: ಸಂಕಷ್ಟಿ ದಿನ

ತಿಂಗಳಿಗೊಮ್ಮೆ ಓಡಿಸಿ ಅಂತ ಎಲ್ಲರೂ ಹೇಳುತ್ತಾರೆ. ನೆನಪಿರುವುದಿಲ್ಲ, ಅದೇ ಕಷ್ಟ. ಅಮ್ಮ ಸಂಕಷ್ಟಿ ಮಾಡುತ್ತಾರೆ, ಅದನ್ನು ಮನೆಯಲ್ಲಿ ಯಾರೂ ಮರೆಯುವ ಹಾಗಿಲ್ಲ. ಹಾಗಾಗಿ ಅಮ್ಮ ಉಪವಾಸ ಇರುವ ದಿನ ಜನರೇಟರಿಗೆ ಊಟ. ನಿಮಗೆ ಅಮಾವಾಸ್ಯೆ ಅನುಕೂಲವಾದರೆ ಅಮಾವಾಸ್ಯೆ, ಸಂಬಳದ ದಿನವಾದರೆ ಸಂಬಳದ ದಿನ.

ಮಳೆಗಾಲ ಬಿಟ್ಟು ಉಳಿದ ತಿಂಗಳು ನಾನು ಟ್ಯಾಂಕ್ ಖಾಲಿ ಇಡುತ್ತೇನೆ. ಕ್ರಮ ಹೀಗೆ:

1. ಮೆಷಿನ್ನನ್ನು ಅಂಗಳಕ್ಕೆ ತಂದು ಸಮನೆಲದಲ್ಲಿಡಿ. ಆಯಿಲ್ ಕಡ್ಡಿ ತೆಗೆದು ಒರೆಸಿ, ಮತ್ತೆ ಇಳಿಸಿ, ಮಟ್ಟ ನೋಡಿ. ಕೆಲವು ಮಾಡೆಲಿನಲ್ಲಿ ಕಡ್ಡಿಯನ್ನು ತಿರುಪದೆ ಸುಮ್ನೆ ಇಳಿಸಿ ನೋಡಬೇಕು. ನಿಮ್ಮದು ಯಾವ ಥರ ಅಂತ ಮೆಷಿನ್ ಜೊತೆ ಬಂದ ಪುಸ್ತಕದಲ್ಲಿ ನೋಡಿಕೊಳ್ಳಿ, ಇಲ್ಲವಾದರೆ ಲೆಕ್ಕ ತಪ್ಪುತ್ತದೆ.
2. ಅದೇ ವಾರ ತಂದ ಪೆಟ್ರೋಲ್ ಅರ್ಧ ಲೀಟರ್ ಹಾಕಿ. ಟ್ಯಾಂಕಿನಿಂದ ಪೆಟ್ರೋಲ್ ಬಿಡುವ ಕಾಕ್ ತೆರೆದು ಒಂದು ನಿಮಿಷ ಕಾಯಿರಿ, ಬಟ್ಟಲು ತುಂಬಲಿ.
3. ಚೋಕ್ ಎಳೆಯಿರಿ, ಸ್ವಿಚ್ ಆನ್ ಮಾಡಿ. ಹಗ್ಗವನ್ನು ಮೊದಲು ಮೆಲ್ಲಗೆ ಎಳೆಯಿರಿ. ಒಂದು ಕಡೆ ಬಿಗಿ ಸಿಗುತ್ತದೆ. ಅಲ್ಲಿಂದ ಹಗ್ಗ ಒಳಗೆ ಬಿಟ್ಟು, ಆಮೇಲೆ ಒಂದೇ ಏಟಿಗೆ ಜೋರಾಗಿ ಎಳೆಯಿರಿ. ಎಳೆದ ಹಗ್ಗವನ್ನು ಕೈಬಿಡಬೇಡಿ, ಹಿಡಿದುಕೊಂಡೇ ಒಳಗೆ ಬಿಡಿ.
4. ಎರಡು ಮೂರು ನಿಮಿಷ ಬಿಸಿಯಾಗಲಿ, ಚೋಕ್ ಪೂರ್ತಿ ಒಳಗೆ ತಳ್ಳಿ.
5. ಲೋಡ್ ಕೊಡಿ. ಎರಡು ಕೆವಿಎ ಮೆಷಿನ್ನಿಗೆ ಒಂದು 750 ವಾಟಿನ ಇಸ್ತ್ರಿಪೆಟ್ಟಿಗೆ ಸಾಕು. ಇಪ್ಪತ್ತು ನಿಮಿಷ ಓಡಲಿ. ಆ ಹೊತ್ತಲ್ಲಿ ಬಟ್ಟೆ ಇಸ್ತ್ರಿ ಮಾಡಿದರೆ ಪೆಟ್ರೋಲೂ ದಂಡವಲ್ಲ.
6. ಲೋಡ್ ತೆಗೆಯಿರಿ. ಟ್ಯಾಂಕಿನಲ್ಲಿ ಉಳಿದದ್ದು ಮುಗಿದು ತಾನಾಗಿ ನಿಲ್ಲುವ ತನಕ ಬಿಡಿ. ನೀವು ಹತ್ತಿರದಲ್ಲೇ ಇದ್ದು ಕಾಫಿ ಕುಡಿಯಿರಿ.
7. ನಿಂತು ತಣ್ಣಗಾದ ಮೇಲೆ ಕಾರ್ಬೋರೇಟರ್ ತಳದ ಡ್ರೈನ್ ಸ್ಕ್ರೂ ಸಡಿಲಿಸಿ. ಕೆಳಗೊಂದು ಬಟ್ಟಲು ಇರಲಿ. ಉಳಿದ ನಾಲ್ಕು ಹನಿಯೂ ಇಳಿದ ಮೇಲೆ ಸ್ಕ್ರೂ ಬಿಗಿಮಾಡಿ, ಕಾಕ್ ಮುಚ್ಚಿ.
8. ಕೊನೆಗೆ ಹಗ್ಗವನ್ನು ಮತ್ತೆ ಮೆಲ್ಲಗೆ ಬಿಗಿ ಸಿಗುವ ತನಕ ಎಳೆದು ಅಲ್ಲಿಗೇ ನಿಲ್ಲಿಸಿ. ಆಗ ಎರಡೂ ವಾಲ್ವ್ ಮುಚ್ಚಿರುತ್ತವೆ, ಸಿಲಿಂಡರಿನ ಒಳಗೆ ತೇವ ಹೋಗುವುದಿಲ್ಲ.

ಲೋಡ್ ಇರುವಾಗಲೇ ಪೆಟ್ರೋಲ್ ಮುಗಿಯಲು ಬಿಡಬೇಡಿ. ಕೊನೇ ಗಳಿಗೆಯಲ್ಲಿ ಎಂಜಿನ್ ಏರಿಳಿದು ವೋಲ್ಟೇಜೂ ಕುಣಿಯುತ್ತದೆ. ಫ್ರಿಜ್ಜಿಗೂ ಕೆಟ್ಟದ್ದು, ಜನರೇಟರಿಗೂ ಕೆಟ್ಟದ್ದು.

ಲೋಡ್ ಇಲ್ಲದೆ ಐದು ನಿಮಿಷ ಓಡಿಸಿ 'ಆಯ್ತು' ಅನ್ನುವವರು ಜಾಸ್ತಿ. ಅದರಿಂದ ಉಪಕಾರಕ್ಕಿಂತ ಅಪಕಾರವೇ ಹೆಚ್ಚು ಅಂತ ನನ್ನ ಅನಿಸಿಕೆ. ಎಂಜಿನ್ ಸರಿಯಾಗಿ ಬಿಸಿಯಾಗದಿದ್ದರೆ ಒಳಗೆ ಕಟ್ಟಿದ ನೀರಿನ ಅಂಶ ಆವಿಯಾಗುವುದಿಲ್ಲ, ಆಯಿಲಿಗೆ ಸೇರುತ್ತದೆ. ಕಡ್ಡಿಗೆ ಮಜ್ಜಿಗೆ ಬಣ್ಣದ ನೊರೆ ಹತ್ತಿದರೆ ಅದೇ ಗುರುತು.

ಖಾಲಿ ಕಬ್ಬಿಣದ ಟ್ಯಾಂಕಿನಲ್ಲಿ ತುಕ್ಕು ಹಿಡಿಯುವುದಿಲ್ಲವಾ ಅಂತ ಕೇಳಬಹುದು. ತೇವದ ಜಾಗದಲ್ಲಿ ಹಿಡಿಯುತ್ತದೆ. ಅದಕ್ಕೇ ಜೂನ್‌ನಿಂದ ಸೆಪ್ಟೆಂಬರ್ ತನಕ ನಾನು ಟ್ಯಾಂಕ್ ತುಂಬಿಡುತ್ತೇನೆ. ಆಗ ಹೇಗೂ ಬಳಕೆ ಇರುತ್ತದೆ. ಹದಿನೈದು ದಿನ ಬಳಸದಿದ್ದರೆ ಆ ಪೆಟ್ರೋಲ್ ಸ್ಕೂಟರಿಗೆ ಹೋಗುತ್ತದೆ, ಜನರೇಟರಿಗೆ ಹೊಸದು. ಆ ದಿನಗಳಲ್ಲಿ ಪ್ರತಿ ಸಲ ನಿಲ್ಲಿಸುವಾಗ ಸ್ವಿಚ್ ಆಫ್ ಮಾಡುವುದಿಲ್ಲ. ಲೋಡ್ ತೆಗೆದು ಕಾಕ್ ಮುಚ್ಚುತ್ತೇನೆ. ಬಟ್ಟಲಲ್ಲಿ ಇರುವುದನ್ನು ಕುಡಿದು ಅದೇ ನಿಲ್ಲುತ್ತದೆ. ಇಡೀ ಬರಹದಲ್ಲಿ ಒಂದೇ ಒಂದು ಅಭ್ಯಾಸ ಹಿಡಿಯುವುದಾದರೆ ಇದನ್ನು ಹಿಡಿಯಿರಿ.

ಹಳೇ ಕಾಲದ ಸೀಮೆಎಣ್ಣೆ ಜನರೇಟರ್ ಇನ್ನೂ ಇಟ್ಟುಕೊಂಡವರಿಗೆ ಒಂದು ಮಾತು: ಅದು ಪೆಟ್ರೋಲಿನಲ್ಲಿ ಶುರುವಾಗಿ ಸೀಮೆಎಣ್ಣೆಯಲ್ಲಿ ಓಡುವಂಥದ್ದು. ನಿಲ್ಲಿಸುವ ಮೊದಲು ಮತ್ತೆ ಪೆಟ್ರೋಲಿಗೆ ತಿರುಗಿಸಿ ಓಡಿಸಿ. ಬಟ್ಟಲಲ್ಲಿ ಸೀಮೆಎಣ್ಣೆ ಉಳಿದರೆ ಮುಂದಿನ ಸಲ ಜಪ್ಪಯ್ಯ ಅಂದರೂ ಹೊತ್ತುವುದಿಲ್ಲ.

ರೋಹಿಣಿ ಮಳೆಗೆ ಮೊದಲು

ಮೇ ಕೊನೆಯ ವಾರ ರೋಹಿಣಿ ಶುರು. ಅಷ್ಟರಲ್ಲಿ ಒಂದು ಬೆಳಗ್ಗೆ ಇದಕ್ಕೆ ಮೀಸಲಿಡಿ. ಏರ್ ಫಿಲ್ಟರ್ ಮುಚ್ಚಳ ತೆಗೆಯಿರಿ. ಸ್ಪಂಜಿನದ್ದಾದರೆ ಸೋಪಿನ ನೀರಲ್ಲಿ ತೊಳೆದು, ನೆರಳಲ್ಲಿ ಒಣಗಿಸಿ, ಸ್ವಲ್ಪ ಎಂಜಿನ್ ಆಯಿಲ್ ಹಚ್ಚಿ ಹಿಂಡಿ ಹಾಕಿ. ಕಾಗದದ್ದಾದರೆ ನೀರು ಮುಟ್ಟಿಸಬೇಡಿ, ತಟ್ಟಿ ಧೂಳು ಉದುರಿಸಿ, ಕಪ್ಪಾಗಿದ್ದರೆ ಬದಲಿಸಿ. ಕಿಡಿ ಕೊಡುವ ಸ್ಪಾರ್ಕ್ ಪ್ಲಗ್ ಬಿಚ್ಚಿ ನೋಡಿ. ತುದಿ ತಿಳಿ ಕಂದು ಬಣ್ಣಕ್ಕಿದ್ದರೆ ಎಲ್ಲ ಸರಿ. ಮಸಿ ಹಿಡಿದಿದ್ದರೆ ತಂತಿ ಬ್ರಷ್ಷಿನಲ್ಲಿ ಉಜ್ಜಿ. ಈ ಎಂಜಿನ್‌ಗಳಿಗೆ ಸಾಮಾನ್ಯವಾಗಿ ಪ್ಲಗ್ಗಿನ ಸಂದು 0.7ರಿಂದ 0.8 ಮಿಲಿಮೀಟರ್. ಅದೇ ನಂಬರಿನ ಹೊಸ ಪ್ಲಗ್ ಒಂದು ಮನೆಯಲ್ಲಿರಲಿ. ಸೆಲ್ಫ್ ಇರುವ ಮಾಡೆಲಾದರೆ ಬ್ಯಾಟರಿ ಚಾರ್ಜ್ ಮಾಡಿಸಿ, ಆದರೂ ಹಗ್ಗದಿಂದಲೇ ಒಮ್ಮೆ ಸ್ಟಾರ್ಟ್ ಮಾಡಿ ನೋಡಿ. ಬೇಕಾದ ದಿನ ಬ್ಯಾಟರಿ ಕೈಕೊಡದೆ ಇರುವುದಿಲ್ಲ.

ಪೆಟ್ರೋಲ್ ಕ್ಯಾನಿನ ಬಗ್ಗೆ ಎಚ್ಚರ. ಕಳೆ ಹೊಡೆಯುವ ಮೆಷಿನ್ನಿಗೆ 2ಟಿ ಆಯಿಲ್ ಬೆರೆಸಿಟ್ಟ ಪೆಟ್ರೋಲ್ ಕ್ಯಾನೂ ಇದೂ ಒಂದೇ ಥರ ಕಾಣುತ್ತವೆ. ಅದನ್ನು ಜನರೇಟರಿಗೆ ಸುರಿದರೆ ಹೊಗೆ, ಮಸಿ, ಕಟ್ಟಿಕೊಂಡ ಪ್ಲಗ್. ಕ್ಯಾನಿನ ಮೇಲೆ ಪೇಂಟಿನಲ್ಲಿ ದೊಡ್ಡದಾಗಿ ಬರೆಯಿರಿ. ಲೈಸೆನ್ಸ್ ಇಲ್ಲದೆ ಸ್ವಂತ ಬಳಕೆಗೆ ಇಟ್ಟುಕೊಳ್ಳಬಹುದಾದ ಪೆಟ್ರೋಲಿಗೆ 1934ರ ಪೆಟ್ರೋಲಿಯಂ ಕಾಯ್ದೆ ಹಾಕಿರುವ ಮಿತಿ 30 ಲೀಟರ್. ನಮಗೆ ಹತ್ತು ಲೀಟರಿಗಿಂತ ಜಾಸ್ತಿ ಬೇಕಾಗಿಲ್ಲ. ಗಟ್ಟಿ ಮುಚ್ಚಳದ ಲೋಹದ ಕ್ಯಾನ್ ಇರಲಿ, ನೀರಿನ ಬಾಟಲಿ ಬೇಡ.

ಓಡಿಸುವ ದಿನ

ಮೆಷಿನ್ ಕೆಟ್ಟರೆ ರಿಪೇರಿ ಆಗುತ್ತದೆ. ಈ ಎರಡು ತಪ್ಪಿಗೆ ರಿಪೇರಿ ಇಲ್ಲ.

ಒಂದು, ಮಳೆ ಅಂತ ಜಗಲಿಯಲ್ಲಿಟ್ಟು ಓಡಿಸುವುದು. ಹೊಗೆಯಲ್ಲಿ ಕಾರ್ಬನ್ ಮೊನಾಕ್ಸೈಡ್ ಇರುತ್ತದೆ. ಬಣ್ಣವಿಲ್ಲ, ವಾಸನೆಯಿಲ್ಲ. ತಲೆನೋವು, ತಲೆಸುತ್ತು ಅನ್ನುವಷ್ಟರಲ್ಲಿ ಏಳಲು ಶಕ್ತಿ ಇರುವುದಿಲ್ಲ. ಮಲಗಿದವರಿಗೆ ಅದೂ ಗೊತ್ತಾಗುವುದಿಲ್ಲ. ಬಾಗಿಲು ತೆರೆದಿಟ್ಟರೆ ಸಾಲದು. ಮನೆಯಿಂದ ಕನಿಷ್ಠ 20 ಅಡಿ ದೂರ, ಹೊಗೆಯ ಬಾಯಿ ಆಚೆಗೆ. ಮಳೆಗೆ ನಾಲ್ಕು ಕಂಬ ನೆಟ್ಟು ಮೇಲೊಂದು ಶೀಟು ಹಾಕಿ, ನಾಲ್ಕೂ ಕಡೆ ತೆರೆದಿರಲಿ. ನಮ್ಮದು ಅಡಿಕೆ ದಬ್ಬೆಯ ಕಂಬ, ಅರ್ಧ ದಿನದ ಕೆಲಸ.

ಎರಡು, ಎರಡೂ ತುದಿಗೆ ಪಿನ್ ಇರುವ ವೈರ್ ಮಾಡಿ ಮನೆಯ ಸಾಕೆಟಿಗೆ ಚುಚ್ಚುವುದು. ಹಳ್ಳಿಗಳಲ್ಲಿ ಇದನ್ನು ಜಾಣತನ ಅಂದುಕೊಂಡವರಿದ್ದಾರೆ. ಮೇನ್ ಸ್ವಿಚ್ ಆಫ್ ಮಾಡಲು ಮರೆತರೆ ನಿಮ್ಮ ಕರೆಂಟ್ ಹಿಂದಕ್ಕೆ ಟ್ರಾನ್ಸ್‌ಫಾರ್ಮರಿಗೆ ಹೋಗುತ್ತದೆ. ಅದು 11,000 ವೋಲ್ಟನ್ನು ಮನೆ ಬಳಕೆಗೆ ಇಳಿಸುವ ಪೆಟ್ಟಿಗೆ. ಉಲ್ಟಾ ಹೋದರೆ ಇಳಿದದ್ದು ಮತ್ತೆ ಏರುತ್ತದೆ. ಆ ಹೊತ್ತಿಗೆ ನಿಮಗಾಗಿಯೇ ಮಳೆಯಲ್ಲಿ ನೆನೆದು ಲೈನ್ ಸರಿಮಾಡುತ್ತಿರುವ ಲೈನ್‌ಮ್ಯಾನ್ ಕಂಬದ ಮೇಲಿರುತ್ತಾರೆ. ಎಲೆಕ್ಟ್ರಿಷಿಯನ್ ಕರೆದು, ಲೈನ್ ಇಲ್ಲವೇ ಜನರೇಟರ್ ಎರಡರಲ್ಲಿ ಒಂದನ್ನೇ ಮನೆಗೆ ಜೋಡಿಸುವ ಚೇಂಜ್‌ಓವರ್ ಸ್ವಿಚ್ ಹಾಕಿಸಿ. ಅದಾಗುವ ತನಕ ಜನರೇಟರಿನಿಂದ ನೇರ ಎಕ್ಸ್‌ಟೆನ್ಶನ್ ಎಳೆದು ಫ್ರಿಜ್, ಲೈಟು, ಮೊಬೈಲಿಗೆ ಕೊಡಿ. ಎಕ್ಸ್‌ಟೆನ್ಶನ್ ವೈರನ್ನು ಸುರುಳಿ ಬಿಚ್ಚಿ ಪೂರ್ತಿ ಹಾಸಿ, ಸುತ್ತಿಟ್ಟರೆ ಬಿಸಿಯಾಗುತ್ತದೆ.

ಪಂಪಿನ ಲೆಕ್ಕ ಅನೇಕರಿಗೆ ತಪ್ಪುತ್ತದೆ. ಒಂದು ಎಚ್‌ಪಿ ಅಂದರೆ 746 ವಾಟ್, ನನ್ನದು ಎರಡು ಕೆವಿಎ, ಆರಾಮಾಗಿ ಎಳೆಯುತ್ತದೆ ಅಂದುಕೊಳ್ಳುತ್ತಾರೆ. ಮೋಟರು ಏಳುವ ಕ್ಷಣದಲ್ಲಿ ಓಡುವಾಗಿನ ಹಲವು ಪಟ್ಟು ಕರೆಂಟ್ ಕೇಳುತ್ತದೆ. ಬೇರೆ ಎಲ್ಲ ಆಫ್ ಮಾಡಿ ಮೊದಲು ಪಂಪು, ಆಮೇಲೆ ಉಳಿದದ್ದು. ಆಗಲೂ ಎಂಜಿನ್ ಮುಗ್ಗರಿಸಿದರೆ ಒತ್ತಾಯ ಮಾಡಬೇಡಿ. ಓಡುತ್ತಿರುವಾಗ, ಬಿಸಿ ಇರುವಾಗ ಪೆಟ್ರೋಲ್ ತುಂಬಬೇಡಿ. ಹತ್ತು ನಿಮಿಷ ಕತ್ತಲಲ್ಲಿ ಕೂತರೆ ಏನೂ ಹೋಗುವುದಿಲ್ಲ.

ಆಯುಧಪೂಜೆಗೆ ಆಯಿಲ್

ಹೊಸ ಮೆಷಿನ್ನಿಗೆ ಮೊದಲ 20 ಗಂಟೆಗೆ, ಆಮೇಲೆ 100 ಗಂಟೆ ಅಥವಾ ಆರು ತಿಂಗಳಿಗೆ ಒಮ್ಮೆ ಆಯಿಲ್ ಬದಲಿಸಿ ಅಂತ ಹೆಚ್ಚಿನ ಪುಸ್ತಕಗಳು ಹೇಳುತ್ತವೆ. ನಮ್ಮಂಥವರು 100 ಗಂಟೆ ಮುಟ್ಟುವುದೇ ಇಲ್ಲ. ಮಳೆಗಾಲ ಮುಗಿದ ಮೇಲೆ ಒಮ್ಮೆ ಬದಲಿಸುವುದನ್ನಂತೂ ನಾನು ತಪ್ಪಿಸುವುದಿಲ್ಲ. ಸುಟ್ಟ ಆಯಿಲಿನಲ್ಲಿ ಆಮ್ಲ, ತೇವ ಎರಡೂ ಸೇರಿರುತ್ತವೆ. ಅದನ್ನು ಒಳಗಿಟ್ಟು ಎಂಟು ತಿಂಗಳು ಮಲಗಿಸುವುದು ಒಳ್ಳೆಯದಲ್ಲ. ಎಂಜಿನ್ ಹತ್ತು ನಿಮಿಷ ಓಡಿಸಿ, ಉಗುರು ಬೆಚ್ಚಗಿರುವಾಗ ಬೋಲ್ಟ್ ಬಿಚ್ಚಿ ಇಳಿಸಿ. ಎರಡು ಕೆವಿಎ ಆಸುಪಾಸಿನ ಎಂಜಿನ್ನಿಗೆ ಹಿಡಿಯುವುದು ಅರ್ಧ ಲೀಟರಿಗಿಂತ ಸ್ವಲ್ಪ ಹೆಚ್ಚು. ಬೈಕಿಗೆ ಹಾಕುವ 4ಟಿ 10ಡಬ್ಲ್ಯು-30 ಆಯಿಲ್ ಸಾಮಾನ್ಯವಾಗಿ ಆಗುತ್ತದೆ, ಪುಸ್ತಕ ಬೇರೆ ಹೇಳಿದರೆ ಪುಸ್ತಕದ್ದೇ ಹಾಕಿ. ಹಳೇ ಆಯಿಲ್ ತೋಟದ ಬುಡಕ್ಕೆ ಚೆಲ್ಲಬೇಡಿ, ಗ್ಯಾರೇಜಿನ ಡ್ರಮ್ಮಿಗೆ ಕೊಡಿ. ಕುಂಕುಮ ಆಮೇಲೆ ಇಡಬಹುದು.

ಇಷ್ಟಾದರೂ ಸ್ಟಾರ್ಟ್ ಆಗದಿದ್ದರೆ

ಹತ್ತು ಸಲ ಎಳೆದ ಮೇಲೆ ನಿಲ್ಲಿಸಿ. ಮೊದಲು ಆಯಿಲ್ ಮಟ್ಟ ನೋಡಿ. ಆಯಿಲ್ ಕಡಿಮೆಯಾದರೆ ಸೆನ್ಸರ್ ಕಿಡಿಯನ್ನೇ ಕತ್ತರಿಸುತ್ತದೆ. ಇಳಿಜಾರಿನಲ್ಲಿಟ್ಟರೂ ಹಾಗೇ ಆಗುತ್ತದೆ. ನಮ್ಮ ಅಂಗಳದ ಓರೆಯಿಂದ ನಾನೇ ಒಮ್ಮೆ ಮೋಸ ಹೋಗಿದ್ದೇನೆ.

ಆಮೇಲೆ ಪ್ಲಗ್ ಬಿಚ್ಚಿ. ತುದಿ ಒದ್ದೆಯಾಗಿದ್ದರೆ ಪೆಟ್ರೋಲ್ ಬರುತ್ತಿದೆ, ಜಾಸ್ತಿಯೇ ಬಂದಿದೆ. ಒರೆಸಿ ಒಣಗಿಸಿ ಹಾಕಿ, ಚೋಕ್ ಇಲ್ಲದೆ ಎಳೆಯಿರಿ. ಆಗಲೂ ಇಲ್ಲವೆಂದರೆ ಹೊಸ ಪ್ಲಗ್ ಹಾಕಿ ನೋಡಿ. ತುದಿ ಪೂರ್ತಿ ಒಣಗಿದ್ದರೆ ಪೆಟ್ರೋಲೇ ಬರುತ್ತಿಲ್ಲ. ಕಾಕ್ ತೆರೆದಿಟ್ಟು ಡ್ರೈನ್ ಸ್ಕ್ರೂ ಸಡಿಲಿಸಿ. ಪೆಟ್ರೋಲ್ ಹರಿದರೆ ಅಲ್ಲಿ ತನಕ ದಾರಿ ಸರಿ, ತೊಂದರೆ ಜೆಟ್ಟಿನಲ್ಲಿ. ಹರಿಯದಿದ್ದರೆ ಕಾಕ್, ಪೈಪು ಅಥವಾ ಬಟ್ಟಲಿನ ಮೇಲಿನ ಸೂಜಿ ಕಟ್ಟಿದೆ. ಸ್ಕ್ರೂಡ್ರೈವರಿನ ಹಿಡಿಯಿಂದ ಬಟ್ಟಲಿಗೆ ಮೆಲ್ಲಗೆ ಎರಡು ಸಲ ತಟ್ಟಿ, ಅಂಟಿಕೊಂಡ ಸೂಜಿ ಕೆಲವು ಸಲ ಅಷ್ಟಕ್ಕೇ ಬಿಡುತ್ತದೆ.

ಜೆಟ್ ತೆಗೆಯುವುದು ದೊಡ್ಡ ವಿದ್ಯೆಯಲ್ಲ. ಕಾಕ್ ಮುಚ್ಚಿ, ಬಟ್ಟಲಿನ ತಳದ ಬೋಲ್ಟ್ ಬಿಚ್ಚಿ, ಬಟ್ಟಲನ್ನು ಇಳಿಸಿ. ನಡುವಿನ ಕಂಬದ ಒಳಗೆ ಹಿತ್ತಾಳೆಯ ಸಣ್ಣ ಸ್ಕ್ರೂ ಕಾಣುತ್ತದೆ, ಅದೇ ಜೆಟ್. ಸರಿಯಾದ ಅಳತೆಯ ಸ್ಕ್ರೂಡ್ರೈವರ್ ಬಳಸಿ, ಹಿತ್ತಾಳೆ ಮೆತ್ತಗೆ, ಬೇಗ ಕಿತ್ತುಹೋಗುತ್ತದೆ. ಹೊರಗೆ ತಂದು ಆಕಾಶದ ಕಡೆ ಹಿಡಿದು ನೋಡಿ. ತೂತಿನಲ್ಲಿ ದುಂಡಗಿನ ಬೆಳಕಿನ ಚುಕ್ಕಿ ಕಾಣಬೇಕು. ನನ್ನದರಲ್ಲಿ ಅವತ್ತು ಏನೂ ಕಂಡಿರಲಿಲ್ಲ. ಸೂಜಿ, ಪಿನ್ನು ಹಾಕಿ ತಿರುವಬೇಡಿ, ತೂತು ದೊಡ್ಡದಾದರೆ ಎಂಜಿನ್ ಲೆಕ್ಕ ತಪ್ಪಿ ಕಪ್ಪು ಹೊಗೆ ಉಗುಳುತ್ತದೆ. ವೈರಿನ ಒಳಗಿನ ತಾಮ್ರದ ಒಂದೇ ಎಳೆ ತೆಗೆದು ಅದನ್ನು ತೂರಿಸಿ. ಕಾರ್ಬೋರೇಟರ್ ಕ್ಲೀನರ್ ಸ್ಪ್ರೇ ಇದ್ದರೆ ಅರ್ಧ ಗಂಟೆ ನೆನೆಯಲು ಬಿಡಿ, ಕೆಲಸ ಇನ್ನೂ ಸುಲಭ. ಬಟ್ಟಲಿನ ರಬ್ಬರ್ ಉಂಗುರ ಹಿಗ್ಗಿದ್ದರೆ ಹೊಸದು ಹಾಕಿ, ಇಲ್ಲವಾದರೆ ಸೋರುತ್ತದೆ.

ಚೋಕ್ ಎಳೆದಿದ್ದಾಗ ಮಾತ್ರ ಓಡಿ, ತಳ್ಳಿದ ಕೂಡಲೇ ನಿಂತರೆ ಜೆಟ್ ಅರ್ಧ ಕಟ್ಟಿದೆ ಅಂತ ಅರ್ಥ. ಹತ್ತು ನಿಮಿಷ ಚೆನ್ನಾಗಿ ಓಡಿ ನಿಂತರೆ ಟ್ಯಾಂಕಿನ ಮುಚ್ಚಳ ಸಡಿಲಿಸಿ ನೋಡಿ. ಪುಸ್ ಅಂತ ಗಾಳಿ ಎಳೆದುಕೊಂಡರೆ ಮುಚ್ಚಳದ ಗಾಳಿತೂತು ಮುಚ್ಚಿದೆ.

ಎಂಜಿನ್ ಓಡುತ್ತಿದೆ, ಆದರೆ ಕರೆಂಟೇ ಬರುತ್ತಿಲ್ಲ ಅಂದರೆ ಮೊದಲು ಜನರೇಟರಿನ ಬ್ರೇಕರ್ ನೋಡಿ. ಅದು ಸರಿಯಿದ್ದರೆ, ತುಂಬಾ ದಿನ ಓಡಿಸದೆ ಬಿಟ್ಟ ಮೆಷಿನ್ನಿನಲ್ಲಿ ರೋಟರಿನ ಉಳಿಕೆ ಕಾಂತಶಕ್ತಿ ಇಳಿದುಹೋಗಿರಬಹುದು, ಇಲ್ಲವೇ ಕಾರ್ಬನ್ ಬ್ರಷ್ ಕೂರುವ ಉಂಗುರಕ್ಕೆ ಕಿಲುಬು ಹಿಡಿದಿರಬಹುದು. ಬ್ಯಾಟರಿಯಿಂದ ಕಿಡಿ ಕೊಟ್ಟು ಆ ಕಾಂತಶಕ್ತಿಯನ್ನು ಎಬ್ಬಿಸುವ ವಿಡಿಯೋಗಳು ಮೊಬೈಲಿನಲ್ಲಿ ಬೇಕಾದಷ್ಟಿವೆ. ಅದನ್ನು ನೀವು ಮಾಡಬೇಡಿ, ತಪ್ಪು ತಂತಿ ಮುಟ್ಟಿದರೆ ವೋಲ್ಟೇಜ್ ನಿಯಂತ್ರಿಸುವ ಎವಿಆರ್ ಸುಟ್ಟುಹೋಗುತ್ತದೆ. ಗೊತ್ತಿರುವವರ ಹತ್ತಿರ ಒಯ್ಯಿರಿ. ಒಯ್ಯುವ ಮೊದಲು ಟ್ಯಾಂಕ್ ಖಾಲಿ ಮಾಡಿ, ಕಾಕ್ ಮುಚ್ಚಿ, ಜೀಪಿನಲ್ಲಿ ನೆಟ್ಟಗೆ ಇಟ್ಟು ಕಟ್ಟಿ. ಅಡ್ಡ ಮಲಗಿಸಿದರೆ ಆಯಿಲ್ ಸಿಲಿಂಡರಿಗೆ, ಏರ್ ಫಿಲ್ಟರಿಗೆ ಇಳಿದು, ಪೇಟೆ ಮುಟ್ಟುವಷ್ಟರಲ್ಲಿ ಒಂದಿದ್ದ ರಿಪೇರಿ ಎರಡಾಗಿರುತ್ತದೆ.